ಅಳಿಸಿದ ಫೈಲ್ ವಾಪಸ್ ಬರಬೇಕಾ? ಪೈಥಾನ್‌ನಲ್ಲಿ 'ಅನ್‌ಡೂ' ಇರುವ ಡಿಲೀಟ್ ಕಟ್ಟುವ ಸಮಗ್ರ ಮಾರ್ಗದರ್ಶಿ

ಪೈಥಾನ್‌ನಲ್ಲಿ ಫೈಲ್ ಅಳಿಸುವುದು ಒಂದೇ ಸಾಲಿನ ಕೆಲಸ. ಓಎಸ್ ಮಾಡ್ಯೂಲ್‌ನ ರಿಮೂವ್ ಕರೆದರೆ ಮುಗಿಯಿತು. ಅದು ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ, 'ಖಂಡಿತಾನಾ?' ಅಂತ ಕೇಳುವುದೂ ಇಲ್ಲ. ಶಟಿಲ್ ಅನ್ನುವ ಇನ್ನೊಂದು ಮಾಡ್ಯೂಲ್‌ನ ಆರ್‌ಎಂಟ್ರೀ ಇನ್ನೂ ಜೋರು. ಇಡೀ ಫೋಲ್ಡರನ್ನು ಒಳಗಿರುವುದೆಲ್ಲದರ ಸಮೇತ ತೆಗೆದುಬಿಡುತ್ತದೆ.

ನಮ್ಮ ಕೊಡಗಿನಲ್ಲಿ ಕಾಫಿ ತೋಟದ ಆಫೀಸಿಗೋ ಹೋಂಸ್ಟೇಗೋ ಸಣ್ಣಪುಟ್ಟ ಸ್ಕ್ರಿಪ್ಟ್ ಬರೆದುಕೊಡುವವರು ಜಾಸ್ತಿಯಾಗಿದ್ದಾರೆ. ತೋಟದ ಕಂಪ್ಯೂಟರ್ ತೆರೆದರೆ ಏನಿರುತ್ತದೆ? ಇಂಚು-ಸೆಂಟ್ (ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದ ಮಳೆ ಲೆಕ್ಕ, ಕೆಲಸದವರ ಚೆಕ್‌ರೋಲ್ (ಹಾಜರಿ-ಕೂಲಿ ಪಟ್ಟಿ), ಕಾಳುಮೆಣಸಿನ ತೂಕದ ಚೀಟಿಯ ಫೋಟೋಗಳು. ಇಷ್ಟರಲ್ಲಿ ರೈಟರ್, ಅಂದರೆ ತೋಟದ ಗುಮಾಸ್ತರು, ಬಂದು 'ಸಾರ್, ಹಳೇದೆಲ್ಲ ಕ್ಲೀನ್ ಮಾಡೋಕೆ ಒಂದು ಬಟನ್ ಹಾಕ್ಕೊಡಿ' ಅನ್ನುತ್ತಾರೆ. ಬಟನ್ ಹಾಕುವುದು ಸುಲಭ. ಆಮೇಲೆ 'ಅಯ್ಯೋ, ಆ ಜುಲೈ ಶೀಟ್ ಬೇಕಿತ್ತು' ಅಂದಾಗ ಕೊಡಲು ಏನಾದರೂ ಇರಬೇಕಲ್ವಾ? ಆ ಕೆಲಸ ಡಿಲೀಟ್ ಒತ್ತುವ ಮೊದಲೇ ಆಗಿರಬೇಕು. ಎಲ್ಲಿಂದ ತೆಗೆದೆವು, ಎಲ್ಲಿಟ್ಟೆವು ಅನ್ನುವುದನ್ನು ಮೊದಲು ಬರೆದು, ಆಮೇಲಷ್ಟೇ ಫೈಲ್ ಮುಟ್ಟಬೇಕು. ಈ ಮಾರ್ಗದರ್ಶಿಯಲ್ಲಿ ಮುಂದೆ ಬರುವುದೆಲ್ಲ ಈ ಕ್ರಮದ ಮೇಲೇ ನಿಂತಿದೆ.

ಆಜ್ಞೆಗಳ ಹೆಸರನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಪೈಥಾನ್‌ನ ಸ್ವಂತ ಹೆಸರುಗಳನ್ನು ಕೀಬೋರ್ಡಿನಲ್ಲಿ ಇಂಗ್ಲಿಷಿನಲ್ಲೇ ಹೊಡೆಯಿರಿ. ನಾವೇ ಇಡುವ ಫಂಕ್ಷನ್ ಹೆಸರು ಮಾತ್ರ ಕನ್ನಡದಲ್ಲೇ ಇದ್ದರೂ ನಡೆಯುತ್ತದೆ, ಪೈಥಾನ್ 3 ಒಪ್ಪುತ್ತದೆ. ಒಂದೇ ಷರತ್ತು: ಹೆಸರಿನೊಳಗೆ ಅರ್ಧಾಕ್ಷರ ಬಿಡಿಸಲು ಹಾಕುವ ಕಣ್ಣಿಗೆ ಕಾಣದ ಗುರುತು, ಅಂದರೆ ಜಡ್‌ಡಬ್ಲ್ಯುಎನ್‌ಜೆ, ಇರಬಾರದು. ಇದ್ದರೆ ಪೈಥಾನ್ ತಕರಾರು ತೆಗೆಯುತ್ತದೆ, ನಿಮಗೆ ತಪ್ಪು ಎಲ್ಲಿದೆ ಅಂತ ಕಾಣಿಸುವುದೇ ಇಲ್ಲ.

ಅಳಿಸಿದಾಗ ಡಿಸ್ಕ್‌ನಲ್ಲಿ ಏನಾಗುತ್ತದೆ

ರಿಮೂವ್ ಕರೆದಾಗ ಫೈಲಿನ ಒಳಗಿನ ಮಾಹಿತಿಯನ್ನು ಯಾರೂ ಕೂತು ಒರೆಸುವುದಿಲ್ಲ. ಫೋಲ್ಡರ್‌ನ ಪಟ್ಟಿಯಿಂದ ಹೆಸರು ಹೋಗುತ್ತದೆ, ಅದು ಕೂತಿದ್ದ ಜಾಗ 'ಖಾಲಿ' ಅಂತ ಗುರುತಾಗುತ್ತದೆ. ಮನೆ ಹಾಗೇ ಇದ್ದು, ಗೇಟಿನ ಬೋರ್ಡ್ ಮಾತ್ರ ಕಿತ್ತ ಹಾಗೆ. ಹಳೆಯ ಹಾರ್ಡ್ ಡಿಸ್ಕ್‌ಗಳಲ್ಲಿ ರಿಕವರಿ ಸಾಫ್ಟ್‌ವೇರ್ ಕೆಲವೊಮ್ಮೆ ಫೈಲನ್ನು ಹುಡುಕಿ ಕೊಡುವುದು ಇದೇ ಕಾರಣಕ್ಕೆ. ಎಸ್‌ಎಸ್‌ಡಿಯಲ್ಲಿ ಆ ಆಸೆ ಬೇಡ. ಟ್ರಿಮ್ ಅನ್ನುವ ವ್ಯವಸ್ಥೆ ಖಾಲಿಯಾದ ಜಾಗವನ್ನು ಡ್ರೈವ್‌ಗೆ ತಿಳಿಸುತ್ತದೆ, ಡ್ರೈವ್ ತನ್ನ ಪಾಡಿಗೆ ಅದನ್ನು ಒರೆಸಿಹಾಕುತ್ತದೆ. ರಿಕವರಿಯನ್ನು ನಂಬಿಕೊಂಡು ಡಿಲೀಟ್ ಬರೆಯಬೇಡಿ.

ಹಂತ 1: ಸಿಸ್ಟಮ್‌ನ ಕಸದ ಬುಟ್ಟಿ ಸಾಕಾ ನೋಡಿ

ಎಲ್ಲದಕ್ಕೂ ಸ್ವಂತ ಲೈಬ್ರರಿ ಬರೆಯಬೇಕಿಲ್ಲ. ಪೈಥಾನ್‌ಗೆ ಸೆಂಡ್2ಟ್ರ್ಯಾಶ್ ಅನ್ನುವ ಪುಟ್ಟ ಲೈಬ್ರರಿ ಇದೆ. ಶುರು ಮಾಡಿದವರು ವರ್ಜಿಲ್ ಡುಪ್ರಾ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಜ್ಯೂಪಿಟರ್ ನೋಟ್‌ಬುಕ್‌ನಲ್ಲಿ ಫೈಲ್ ಅಳಿಸಿದರೆ ಅದು ಕಸದ ಬುಟ್ಟಿಗೆ ಹೋಗುವುದೂ ಇದರಿಂದಲೇ.

ಪೈಥಾನ್ ಲೈಬ್ರರಿಗಳನ್ನು ಇನ್‌ಸ್ಟಾಲ್ ಮಾಡುವ ಪಿಪ್‌ನಿಂದ ಹಾಕಿಕೊಳ್ಳಿ. ಸ್ಕ್ರಿಪ್ಟ್‌ನಲ್ಲಿ ಅದೇ ಹೆಸರಿನ ಫಂಕ್ಷನನ್ನು ಇಂಪೋರ್ಟ್ ಮಾಡಿ, ರಿಮೂವ್ ಇದ್ದ ಕಡೆ ಅದನ್ನು ಬರೆಯಿರಿ. ಫೈಲಿನ ಒಂದು ದಾರಿ (ಪಾತ್) ಕೊಟ್ಟರೂ ಸರಿ, ದಾರಿಗಳ ಲಿಸ್ಟ್ ಕೊಟ್ಟರೂ ಸರಿ. ಬುಟ್ಟಿಗೆ ಹಾಕಲು ಅನುಮತಿ ಇಲ್ಲದಿದ್ದರೆ ಟ್ರ್ಯಾಶ್ ಪರ್ಮಿಷನ್ ಎರರ್ ಬರುತ್ತದೆ. ಅದನ್ನು ಹಿಡಿದು ಬಳಸುವವರಿಗೆ ಹೇಳಿ. ಆ ಎರರ್ ಬಂದಾಗ 'ಸರಿ ಹಾಗಾದರೆ ನೇರವಾಗಿ ಅಳಿಸುತ್ತೇನೆ' ಅಂತ ರಿಮೂವ್‌ಗೆ ಹಾರುವ ಕೋಡ್ ಮಾತ್ರ ಬರೆಯಬೇಡಿ. ಬುಟ್ಟಿ ಇದೆ ಅಂತ ನಂಬಿ ಬಟನ್ ಒತ್ತಿದವರಿಗೆ ಅದಕ್ಕಿಂತ ದೊಡ್ಡ ಮೋಸ ಇಲ್ಲ.

ಒಬ್ಬರೇ ಬಳಸುವ ಲ್ಯಾಪ್‌ಟಾಪ್, ಅಪರೂಪಕ್ಕೆ ಒಂದೆರಡು ಫೈಲ್ ಅಂದರೆ ಇಲ್ಲಿಗೇ ನಿಲ್ಲಿಸಿ. ಸಾಕು. ಆದರೆ ಈ ಲೈಬ್ರರಿ ಫೈಲನ್ನು ಬುಟ್ಟಿಗೆ ಹಾಕುತ್ತದೆ, ವಾಪಸ್ ತರುವುದಿಲ್ಲ. ವಾಪಸ್ ತರಲು ಮನುಷ್ಯರೇ ಬುಟ್ಟಿ ತೆರೆದು ರೀಸ್ಟೋರ್ ಒತ್ತಬೇಕು. ಇನ್ನೊಂದು ತೊಂದರೆ ಪೆನ್ ಡ್ರೈವ್. ವಿಂಡೋಸ್‌ನಲ್ಲಿ ಪೆನ್ ಡ್ರೈವ್‌ನಿಂದ ಅಳಿಸಿದ್ದು ಸಾಮಾನ್ಯವಾಗಿ ರೀಸೈಕಲ್ ಬಿನ್‌ಗೆ ಹೋಗುವುದೇ ಇಲ್ಲ. ನೆಟ್‌ವರ್ಕ್ ಫೋಲ್ಡರ್ ಕಥೆಯೂ ಅದೇ. ನಮ್ಮ ಕಡೆ ತೋಟದಿಂದ ಪೇಟೆಯ ಆಡಿಟರ್ ಆಫೀಸಿಗೆ ಲೆಕ್ಕ ಇನ್ನೂ ಪೆನ್ ಡ್ರೈವ್‌ನಲ್ಲೇ ಓಡಾಡುತ್ತದೆ ತಾನೇ?

ಹಂತ 2: ಬಲ್ಲವರು ಹೇಗೆ ಮಾಡಿದ್ದಾರೆ ಅಂತ ಒಳಗೆ ಇಣುಕಿ

ಸ್ವಂತದ್ದು ಕಟ್ಟುವ ಮೊದಲು ಲಿನಕ್ಸ್‌ನ ಬುಟ್ಟಿಯನ್ನು ಒಮ್ಮೆ ತೆರೆದು ನೋಡಿ. ಲಿನಕ್ಸ್ ಡೆಸ್ಕ್‌ಟಾಪ್‌ಗಳಿಗೆ ಸಾಮಾನ್ಯ ನಿಯಮ ಬರೆಯುವ ಫ್ರೀಡೆಸ್ಕ್‌ಟಾಪ್ ಗುಂಪಿನವರ ಪ್ರಕಾರ ಬುಟ್ಟಿಯೊಳಗೆ ಎರಡು ಫೋಲ್ಡರ್ ಇರುತ್ತವೆ, ಫೈಲ್ಸ್ ಮತ್ತು ಇನ್ಫೋ. ಅಳಿಸಿದ ಫೈಲ್ ಮೊದಲನೆಯದರಲ್ಲಿ. ಎರಡನೆಯದರಲ್ಲಿ ಅದೇ ಹೆಸರಿನ ಒಂದು ಚೀಟಿ. ಚೀಟಿಯಲ್ಲಿ ಮೂರೇ ಸಾಲು: ತಲೆಬರಹ, ಮೂಲ ದಾರಿ, ಅಳಿಸಿದ ದಿನಾಂಕ ಮತ್ತು ಹೊತ್ತು. ಆ ನಿಯಮದಲ್ಲಿ ನನಗೆ ಬಹಳ ಹಿಡಿಸಿದ ಮಾತೆಂದರೆ ಚೀಟಿಯನ್ನು ಮೊದಲು ಬರೆಯಬೇಕು, ಫೈಲನ್ನು ಆಮೇಲೆ ಸರಿಸಬೇಕು ಅನ್ನುವುದು.

ವಿಂಡೋಸ್ ಕೂಡ ಹೀಗೇ. ವಿಸ್ಟಾದಿಂದ ಈಚೆಗೆ ಅಳಿಸಿದ ಪ್ರತಿ ಫೈಲಿಗೂ ರೀಸೈಕಲ್ ಬಿನ್‌ನಲ್ಲಿ ಜೋಡಿ ಫೈಲ್ ಇರುತ್ತದೆ. ಡಾಲರ್-ಆರ್‌ನಿಂದ ಶುರುವಾಗುವುದರಲ್ಲಿ ಒಳಗಿನ ಮಾಹಿತಿ, ಡಾಲರ್-ಐನಿಂದ ಶುರುವಾಗುವುದರಲ್ಲಿ ಮೂಲ ದಾರಿ, ಗಾತ್ರ, ಹೊತ್ತು. ಎರಡು ಬೇರೆ ಬೇರೆ ಕಂಪನಿ-ಗುಂಪುಗಳು ಒಂದೇ ಉಪಾಯಕ್ಕೆ ಬಂದಿವೆ ಅಂದಮೇಲೆ ನಾವೂ ಅದನ್ನೇ ಹಿಡಿಯೋಣ.

ಹಂತ 3: ಬುಟ್ಟಿ ಎಲ್ಲಿ ಇಡಬೇಕು

ಫೈಲ್ ಇರುವ ಡ್ರೈವ್‌ನಲ್ಲೇ ಇಡಿ. ಇದರಲ್ಲಿ ರಾಜಿ ಬೇಡ. ಒಂದೇ ಡ್ರೈವ್ ಒಳಗೆ ರೀನೇಮ್ ಅಂದರೆ ಪಟ್ಟಿಯಲ್ಲಿ ಹೆಸರು ಬದಲಾಗುವುದಷ್ಟೇ. ನಾಲ್ಕು ಜಿಬಿ ವಿಡಿಯೋ ಆದರೂ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತದೆ. ಫೋಲ್ಡರ್ ಆದರೆ ಒಳಗಿನದೆಲ್ಲ ಒಟ್ಟಿಗೇ ಬರುತ್ತದೆ. ಅರ್ಧ ಸರಿದು ಅರ್ಧ ಉಳಿಯುವ ಮಾತಿಲ್ಲ.

ಬೇರೆ ಡ್ರೈವ್‌ಗೆ ರೀನೇಮ್ ನಡೆಯುವುದಿಲ್ಲ. ಲಿನಕ್ಸ್‌ನಲ್ಲಿ 18ನೇ ನಂಬರಿನ ಎರರ್, ವಿಂಡೋಸ್‌ನಲ್ಲಿ 17ನೆಯದು ಬರುತ್ತದೆ. ಶಟಿಲ್‌ನ ಮೂವ್ ಇದನ್ನು ಮುಚ್ಚಿಟ್ಟು ಒಳಗೊಳಗೇ ಕಾಪಿ ಮಾಡಿ ಮೂಲವನ್ನು ಅಳಿಸುತ್ತದೆ. ಕಾಪಿ ನಡುವೆ ಕರೆಂಟ್ ಹೋದರೆ ಬುಟ್ಟಿಯಲ್ಲಿ ತುಂಡು ಫೈಲ್ ಉಳಿಯುತ್ತದೆ. ಆದ್ದರಿಂದ ಪ್ರತಿ ಡ್ರೈವ್‌ಗೆ ಒಂದೊಂದು ಬುಟ್ಟಿ ಫೋಲ್ಡರ್ ಮಾಡಿ. ಎರಡು ದಾರಿ ಒಂದೇ ಡ್ರೈವ್‌ನಲ್ಲಿವೆಯಾ ಅಂತ ತಿಳಿಯಲು ಸ್ಟ್ಯಾಟ್ ಕರೆದು ಎಸ್‌ಟಿ-ಡೆವ್ ಸಂಖ್ಯೆ ಹೋಲಿಸಿದರೆ ಆಯಿತು.

ಎಲ್ಲೋ ಒಂದು ಕಡೆ ಕಾಪಿ ಮಾಡಲೇಬೇಕಾಗಿ ಬಂದರೆ, ಮೊದಲು 'ಅರ್ಧ' ಅನ್ನುವ ಬಾಲ ಸೇರಿಸಿದ ಹೆಸರಿಗೆ ಕಾಪಿ ಮಾಡಿ. ಎಫ್‌ಸಿಂಕ್ ಕರೆದು ಡಿಸ್ಕ್‌ಗೆ ಇಳಿಸಿ. ಬಾಲ ತೆಗೆದು ನಿಜವಾದ ಹೆಸರಿಡಿ. ಮೂಲವನ್ನು ಅಳಿಸುವುದು ಕಟ್ಟಕಡೆಗೆ. ಹೀಗಿದ್ದರೆ ನಿಜವಾದ ಹೆಸರಿನಲ್ಲಿ ಬುಟ್ಟಿಯಲ್ಲಿರುವುದೆಲ್ಲ ಇಡಿಯಾದ ಫೈಲೇ ಅಂತ ಧೈರ್ಯವಾಗಿ ಹೇಳಬಹುದು.

ಹಂತ 4: ಲೆಕ್ಕದ ಪುಸ್ತಕ

ಚೀಟಿಗಳ ಬದಲು ಒಂದು ಎಸ್‌ಕ್ಯೂಲೈಟ್ ಫೈಲ್, ಅಂದರೆ ಒಂದೇ ಫೈಲಿನಲ್ಲಿರುವ ಪುಟ್ಟ ಡೇಟಾಬೇಸ್, ಇಟ್ಟುಕೊಳ್ಳಿ. ಪೈಥಾನ್ ಜೊತೆಗೇ ಬರುತ್ತದೆ, ಬೇರೆ ಏನೂ ಹಾಕಬೇಕಿಲ್ಲ. ಜೇಸನ್ ಫೈಲ್‌ನಲ್ಲೂ ಬರೆಯಬಹುದು. ಆದರೆ ಬರೆಯುವಾಗ ಕರೆಂಟ್ ಹೋದರೆ ಇಡೀ ಜೇಸನ್ ಓದಲು ಬಾರದ ಹಾಗೆ ಆಗಬಹುದು. ಎಸ್‌ಕ್ಯೂಲೈಟ್‌ನಲ್ಲಿ ಕಮಿಟ್ (ಬರೆದದ್ದನ್ನು ಖಾಯಂ ಮಾಡುವ ಆಜ್ಞೆ) ಆದದ್ದು ಉಳಿಯುತ್ತದೆ, ಆಗದ್ದು ಬಂದೇ ಇಲ್ಲ ಅನ್ನುವ ಹಾಗೆ ಹಿಂದೆ ಸರಿಯುತ್ತದೆ. ಜುಲೈ-ಆಗಸ್ಟ್‌ನ ಕಕ್ಕಡದ ಮಳೆಗೆ ಮರ ಬಿದ್ದು ಲೈನ್ ಕಡಿಯುವ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ಯುಪಿಎಸ್ ಇದೆ ಅನ್ನಬೇಡಿ. ಅದರ ಬ್ಯಾಟರಿ ಬದಲಿಸಿದ್ದು ಯಾವಾಗ ಅಂತ ಒಮ್ಮೆ ಕೇಳಿ ನೋಡಿ.

ಒಂದು ಸಾಲು ಹೀಗಿರಲಿ:

ನಂಬರ್: 412
ಗುಂಪು: 57
ಮೂಲ ದಾರಿ: ತೋಟ/ಮಳೆ/2023/ಜುಲೈ
ಬುಟ್ಟಿಯ ಹೆಸರು: 412
ಗಾತ್ರ: 18944
ಹೊತ್ತು: 2024-06-11 16:20:05
ಸ್ಥಿತಿ: ಬುಟ್ಟಿಯಲ್ಲಿದೆ

ನಂಬರ್ ಕಾಲಂಗೆ ಆಟೋಇನ್‌ಕ್ರಿಮೆಂಟ್ ಹಾಕಿ. ಅದಿಲ್ಲದಿದ್ದರೆ ಕೊನೆಯ ಸಾಲು ಅಳಿಸಿದಾಗ ಎಸ್‌ಕ್ಯೂಲೈಟ್ ಅದೇ ನಂಬರನ್ನು ಮತ್ತೆ ಕೊಡಬಹುದು, ಬುಟ್ಟಿಯಲ್ಲಿ ಒಂದರ ಮೇಲೆ ಒಂದು ಕೂರುತ್ತದೆ. ಮೂಲ ದಾರಿಯನ್ನು ಪೂರ್ತಿಯಾಗಿ ಬರೆಯಿರಿ (ಮೇಲಿನ ಸಾಲಿನಲ್ಲಿ ಅದನ್ನು ಚಿಕ್ಕದು ಮಾಡಿದ್ದೇನೆ). ಅದಕ್ಕೆ ಅಬ್ಸ್‌ಪಾತ್ ಬಳಸಿ, ರಿಯಲ್‌ಪಾತ್ ಬೇಡ. ರಿಯಲ್‌ಪಾತ್ ಸಿಮ್‌ಲಿಂಕ್‌ಗಳನ್ನು (ಬೇರೆ ಫೈಲಿನತ್ತ ತೋರಿಸುವ ಹೆಸರುಗಳನ್ನು) ಹಿಂಬಾಲಿಸಿ ಹೋಗುತ್ತದೆ. ನೀವು ಲಿಂಕ್ ಅಳಿಸಲು ಹೊರಟು ಅದು ತೋರಿಸುತ್ತಿದ್ದ ನಿಜವಾದ ಫೈಲನ್ನೇ ಎತ್ತಿಕೊಂಡು ಬರುತ್ತೀರಿ.

ಬುಟ್ಟಿಯೊಳಗೆ ಫೈಲಿಗೆ ಬರೀ ನಂಬರ್ ಯಾಕೆ, ಹಳೆಯ ಹೆಸರಿಗೆ ದಿನಾಂಕ ಸೇರಿಸಿದರೆ ಸಾಲದಾ ಅಂತ ಕೇಳಬಹುದು. ಕನ್ನಡ ಹೆಸರಿಗೆ ಸಾಲದು. 'ಪೊನ್ನಂಪೇಟೆ' ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ 10 ಸಂಕೇತ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್, ಒಟ್ಟು 30. ಲಿನಕ್ಸ್‌ನ ಎಕ್ಸ್ಟ್4 ಫೈಲ್ ವ್ಯವಸ್ಥೆಯಲ್ಲಿ ಒಂದು ಫೈಲ್ ಹೆಸರಿಗೆ 255 ಬೈಟ್ ಮಿತಿ. ಅಂದರೆ ಬರೀ ಕನ್ನಡದಲ್ಲಿ 85 ಸಂಕೇತ ಮಾತ್ರ. ತೋಟದ ಹೆಸರು, ಬ್ಲಾಕ್ ಹೆಸರು, ಹಂಗಾಮು ಎಲ್ಲ ಸೇರಿಸಿ ಹೆಸರಿಡುವವರಿಗೆ ಇದು ಬೇಗ ಮುಗಿಯುತ್ತದೆ. ಅದರ ಮೇಲೆ ನೀವು ದಿನಾಂಕ ಅಂಟಿಸಲು ಹೋದರೆ ಎರರ್. ಇಂಗ್ಲಿಷ್ ಹೆಸರಿನ ಫೈಲ್‌ಗಳಲ್ಲಿ ಮಾತ್ರ ಪರೀಕ್ಷೆ ಮಾಡಿದವರಿಗೆ ಇದು ಎಂದೂ ಕಾಣುವುದಿಲ್ಲ.

ಇನ್ನೊಂದು ಸೂಕ್ಷ್ಮ. 'ಕೊಡಗು' ಅನ್ನುವುದರಲ್ಲಿ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಊತ್ವದ ಎರಡು ಸಂಕೇತ ಸೇರಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಕಂಪ್ಯೂಟರಿಗೆ ಮಾತ್ರ ಒಂದು 15 ಬೈಟ್, ಇನ್ನೊಂದು 18. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಬಿಡಿಸಿದ ರೂಪವನ್ನೇ ಇಟ್ಟುಕೊಳ್ಳುತ್ತಿತ್ತು. ಆದ್ದರಿಂದ ಅಳಿಸಿದ ಫೈಲನ್ನು ಹೆಸರಿನಿಂದ ಹುಡುಕುವಾಗ ಎರಡೂ ಕಡೆಯನ್ನು ಯೂನಿಕೋಡ್‌ಡೇಟಾದ ನಾರ್ಮಲೈಸ್‌ನಿಂದ ಎನ್‌ಎಫ್‌ಸಿ ಅನ್ನುವ ಕೂಡಿಸಿದ ರೂಪಕ್ಕೆ ತಂದು ಹೋಲಿಸಿ. ಆದರೆ ಪುಸ್ತಕದಲ್ಲಿ ಬರೆಯುವ ಮೂಲ ದಾರಿ ಇದ್ದ ಹಾಗೇ ಇರಲಿ. ವಾಪಸ್ ಇಡುವಾಗ ಬೇಕಾಗುವುದು ಅದೇ.

ಹಂತ 5: ಬುಟ್ಟಿಗೆ ಹಾಕುವ ಫಂಕ್ಷನ್

ಹೆಸರು ಹೀಗಿರಲಿ: ಬುಟ್ಟಿಗೆ_ಹಾಕು(ದಾರಿಗಳು). ಒಳಗೆ ನಡೆಯಬೇಕಾದ್ದು, ಇದೇ ಕ್ರಮದಲ್ಲಿ:

1. ಹೊಸ ಸಾಲು ಸೇರಿಸಿ, ಸ್ಥಿತಿ 'ಹೊರಟಿದೆ'. ಕಮಿಟ್ ಮಾಡಿ.
2. ಫೈಲನ್ನು ಬುಟ್ಟಿಯೊಳಗೆ ಆ ನಂಬರಿಗೆ ರೀನೇಮ್ ಮಾಡಿ.
3. ಸ್ಥಿತಿಯನ್ನು 'ಬುಟ್ಟಿಯಲ್ಲಿದೆ' ಅಂತ ಬದಲಿಸಿ. ಮತ್ತೆ ಕಮಿಟ್.

ರೀನೇಮ್ ಆಗದಿದ್ದರೆ ಸ್ಥಿತಿ 'ಆಗಲಿಲ್ಲ'. ವಿಂಡೋಸ್‌ನಲ್ಲಿ ಇದು ದಿನಾ ಎದುರಾಗುತ್ತದೆ, ಯಾಕೆಂದರೆ ಎಕ್ಸೆಲ್‌ನಲ್ಲಿ ತೆರೆದಿಟ್ಟ ಫೈಲನ್ನು ಅದು ಸರಿಸಲು ಬಿಡುವುದಿಲ್ಲ. ಪರ್ಮಿಷನ್ ಎರರ್ ಬಂದಾಗ 'ಚೆಕ್‌ರೋಲ್ ಎಕ್ಸೆಲ್‌ನಲ್ಲಿ ತೆರೆದಿದೆ, ಮುಚ್ಚಿ ಮತ್ತೆ ಒತ್ತಿ' ಅಂತ ತೋರಿಸಿ. ಎರರ್ ನಂಬರ್ ತೋರಿಸಿದರೆ ನಿಮಗೇ ಫೋನ್ ಬರುತ್ತದೆ.

ಕರೆಂಟ್ ಹೋಗುವುದು 1 ಮತ್ತು 2ರ ನಡುವೆಯೂ ಆಗಬಹುದು, 2 ಮತ್ತು 3ರ ನಡುವೆಯೂ. ಅದಕ್ಕೇ ಲೈಬ್ರರಿ ಶುರುವಾದ ಕೂಡಲೇ 'ಹೊರಟಿದೆ' ಸ್ಥಿತಿಯಲ್ಲೇ ಉಳಿದ ಸಾಲುಗಳನ್ನು ನೋಡಬೇಕು. ಫೈಲ್ ಬುಟ್ಟಿಯಲ್ಲಿದ್ದರೆ 'ಬುಟ್ಟಿಯಲ್ಲಿದೆ' ಅಂತ ಬರೆಯಿರಿ. ಹಳೆಯ ಜಾಗದಲ್ಲೇ ಇದ್ದರೆ 'ಆಗಲಿಲ್ಲ'. ಎರಡೂ ಕಡೆ ಇದ್ದರೆ? ಒಂದು ಕಾಪಿ ಹೆಚ್ಚುವರಿ ಅಂತ ಬುಟ್ಟಿಯದ್ದನ್ನು ತೆಗೆಯಲು ಕೈ ತುರಿಸುತ್ತದೆ. ತೆಗೆಯಬೇಡಿ. ಕರೆಂಟ್ ಬಂದಮೇಲೆ ರೈಟರ್ ಅದೇ ಹೆಸರಿನಲ್ಲಿ ಹೊಸ ಶೀಟ್ ಮಾಡಿರಬಹುದು, ಬುಟ್ಟಿಯದ್ದೇ ಹಳೆಯ ಅಸಲು ಇರಬಹುದು. ಎರಡೂ ಕಡೆ ಇಲ್ಲದಿದ್ದರೆ ಯಾರೋ ಕೈಯಿಂದ ಸರಿಸಿದ್ದಾರೆ ಅಂತ ಅರ್ಥ, 'ಕಾಣೆ' ಅಂತ ಬರೆದು ತೋರಿಸಿ. ಸರಿಪಡಿಸುವ ಈ ಕೋಡ್‌ನಲ್ಲಿ ಅಳಿಸುವ ಆಜ್ಞೆ ಒಂದೂ ಇರಬಾರದು.

ಲಿನಕ್ಸ್‌ನಲ್ಲಿ ರೀನೇಮ್ ಆದಮೇಲೆ ಎರಡೂ ಫೋಲ್ಡರ್‌ಗಳಿಗೆ ಎಫ್‌ಸಿಂಕ್ ಕೊಟ್ಟರೆ ಇನ್ನೂ ಭದ್ರ. ವಿಂಡೋಸ್‌ನಲ್ಲಿ ಫೋಲ್ಡರ್‌ಗೆ ಹಾಗೆ ಕೊಡಲಾಗುವುದಿಲ್ಲ, ಬಿಡಿ.

ಹಂತ 6: ವಾಪಸ್ ತರುವುದು

ಬಳಸುವವರಿಗೆ ಅನ್‌ಡೂ ಅಂದರೆ 'ಈಗ ಒತ್ತಿದ್ದು ಬೇಡ'. ಅವರು ಒಂದು ಸಲ ಬಟನ್ ಒತ್ತಿದಾಗ 40 ಫೈಲ್ ಹೋಗಿದ್ದರೆ ಒಂದು ಅನ್‌ಡೂಗೆ ಆ 40 ಫೈಲೂ ಬರಬೇಕು. ಗುಂಪು ನಂಬರ್ ಇಟ್ಟದ್ದು ಇದಕ್ಕೆ. ವಾಪಸ್_ತರು(ಗುಂಪು) ಆ ಗುಂಪಿನ ಸಾಲುಗಳನ್ನು ನಂಬರಿನ ಉಲ್ಟಾ ಕ್ರಮದಲ್ಲಿ ತೆಗೆದುಕೊಳ್ಳಲಿ.

ಉಲ್ಟಾ ಯಾಕೆ ಅಂದರೆ, ಮೊದಲು ಜುಲೈ ಶೀಟ್ ಅಳಿಸಿ, ಆಮೇಲೆ ಅದಿದ್ದ 2023 ಫೋಲ್ಡರನ್ನೇ ಅಳಿಸಿದ್ದಾರೆ ಅಂದುಕೊಳ್ಳಿ. ಉಲ್ಟಾ ಬಂದರೆ ಮೊದಲು ಫೋಲ್ಡರ್, ಆಮೇಲೆ ಅದರೊಳಗೆ ಶೀಟ್. ಸಲೀಸು. ಶೀಟ್ ಮೊದಲು ತಂದರೆ ಇಡಲು ಫೋಲ್ಡರ್ ಇಲ್ಲ, ಹೊಸದಾಗಿ ಮಾಡುತ್ತೀರಿ, ಆಮೇಲೆ ಹಳೆಯ ಫೋಲ್ಡರ್ ಬಂದಾಗ ಅದರ ಜಾಗದಲ್ಲಿ ಇನ್ನೊಂದು ಕೂತಿರುತ್ತದೆ. ಬೇರೆ ಬೇರೆ ಗುಂಪುಗಳಿಗೂ ಇದೇ ಮಾತು. ಹಳೆಯ ಗುಂಪನ್ನು ಮಾತ್ರ ಆರಿಸಿ ತರಲು ಬಿಡುವುದಾದರೆ ಈ ಗೋಜಲು ಬಂದೇ ಬರುತ್ತದೆ, ಮೇಕ್‌ಡರ್ಸ್‌ನಿಂದ ಫೋಲ್ಡರ್ ಮಾಡಿಕೊಂಡು ಮುಂದೆ ಹೋಗಿ.

ವಾಪಸ್ ಇಡುವ ಜಾಗದಲ್ಲಿ ಆಗಲೇ ಒಂದು ಫೈಲ್ ಇದ್ದರೆ ಅದರ ಮೇಲೆ ಬರೆಯಬೇಡಿ. ಇಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಬೇರೆ ಬೇರೆ ನಡೆದುಕೊಳ್ಳುತ್ತವೆ. ವಿಂಡೋಸ್‌ನಲ್ಲಿ ಓಎಸ್ ರೀನೇಮ್ ಎರರ್ ಕೊಟ್ಟು ನಿಲ್ಲುತ್ತದೆ. ಲಿನಕ್ಸ್‌ನಲ್ಲಿ ಸುಮ್ನೆ ಇದ್ದದ್ದರ ಮೇಲೆ ಕೂತುಬಿಡುತ್ತದೆ, ಹಳೆಯದನ್ನು ಉಳಿಸಲು ಹೋಗಿ ಹೊಸದನ್ನು ಕಳೆದುಕೊಳ್ಳುತ್ತೀರಿ. ಮೊದಲು ನೋಡಿ, ಇದ್ದರೆ ಹೆಸರಿನ ಕೊನೆಗೆ 'ವಾಪಸ್' ಸೇರಿಸಿ ಪಕ್ಕದಲ್ಲಿಡಿ. ನೋಡುವುದಕ್ಕೂ ಇಡುವುದಕ್ಕೂ ನಡುವೆ ಇನ್ನೊಂದು ಪ್ರೋಗ್ರಾಮ್ ನುಗ್ಗಬಹುದು ಅನ್ನುವ ಭಯ ಇದ್ದರೆ, ಓಎಸ್ ಲಿಂಕ್‌ನಿಂದ ಹೊಸ ಹೆಸರು ಕೊಟ್ಟು ಆಮೇಲೆ ಬುಟ್ಟಿಯ ಹೆಸರು ತೆಗೆಯಿರಿ. ಜಾಗ ಖಾಲಿ ಇಲ್ಲದಿದ್ದರೆ ಲಿಂಕ್ ತಾನಾಗಿ ಎರರ್ ಕೊಡುತ್ತದೆ. ಈ ಉಪಾಯ ಫೋಲ್ಡರ್‌ಗೆ ನಡೆಯುವುದಿಲ್ಲ, ಎಕ್ಸ್‌ಫ್ಯಾಟ್ ಪೆನ್ ಡ್ರೈವ್‌ನಲ್ಲೂ ನಡೆಯುವುದಿಲ್ಲ.

ಇಲ್ಲೂ ಪುಸ್ತಕ ಮೊದಲು: 'ವಾಪಸ್ ಹೊರಟಿದೆ', ಸರಿಸಿ, 'ವಾಪಸ್ ಬಂದಿದೆ'. ಹೊರಡುವ ಸಾಲಿನಲ್ಲೇ ಎಲ್ಲಿಗೆ ಹೊರಟಿದೆ ಅನ್ನುವುದನ್ನೂ ಬರೆದಿಡಿ, 'ವಾಪಸ್' ಬಾಲ ಸೇರಿಸಿದ ಹೆಸರಾದರೆ ಅದೂ ಗೊತ್ತಿರಬೇಕಲ್ಲ. ಬಂದ ಸಾಲುಗಳನ್ನು ಪುಸ್ತಕದಿಂದ ಅಳಿಸಬೇಡಿ. ಜಾಗ ತಿನ್ನುವುದಿಲ್ಲ, ಯಾರು ಯಾವಾಗ ಏನು ಮಾಡಿದರು ಅಂತ ಜಗಳ ಬಂದಾಗ ಉಪಯೋಗಕ್ಕೆ ಬರುತ್ತವೆ.

ಹಂತ 7: ಬುಟ್ಟಿ ಖಾಲಿ ಮಾಡುವುದು

ಬುಟ್ಟಿಗೆ ಹಾಕಿದರೆ ಡಿಸ್ಕ್‌ನಲ್ಲಿ ಜಾಗ ಖಾಲಿಯಾಗುವುದಿಲ್ಲ. ಎಂದಾದರೂ ನಿಜಕ್ಕೂ ಅಳಿಸಲೇಬೇಕು. ಖಾಲಿ_ಮಾಡು(ದಿನಗಳು) ಇಷ್ಟು ದಿನಕ್ಕಿಂತ ಹಳೆಯದನ್ನು ತೆಗೆಯಲಿ. ಇಲ್ಲೂ ಅದೇ ಕ್ರಮ: ಮೊದಲು ಪುಸ್ತಕದಲ್ಲಿ 'ಹೋಯಿತು' ಅಂತ ಬರೆದು ಆಮೇಲೆ ಫೈಲ್ ಅಳಿಸಿದರೆ, ನಡುವೆ ಕರೆಂಟ್ ಹೋದರೂ ಇಲ್ಲದ ಫೈಲನ್ನು 'ಇದೆ' ಅಂತ ತೋರಿಸುವ ಪ್ರಸಂಗ ಬರುವುದಿಲ್ಲ. ಅನಾಥ ಫೈಲ್ ಉಳಿದರೆ ಮುಂದಿನ ಸಲ ಗುಡಿಸಬಹುದು.

ಎಷ್ಟು ದಿನ? ಎಲ್ಲ ಕಡೆ 30 ದಿನ ಅನ್ನುತ್ತಾರೆ. ತೋಟದ ಲೆಕ್ಕಕ್ಕೆ ಅದು ತೀರಾ ಕಡಿಮೆ. ಫೆಬ್ರವರಿ-ಮಾರ್ಚ್‌ನಲ್ಲಿ ಕಾಫಿ ಅರಳಿಸುವ ಹೂಮಳೆಗೆ ಕಾಯುವಾಗ ಹೋದ ವರ್ಷ ಯಾವ ತಾರೀಕಿಗೆ ಎಷ್ಟು ಸೆಂಟ್ ಬಿದ್ದಿತ್ತು ಅಂತ ಹಳೆಯ ಶೀಟ್ ತೆರೆಯುತ್ತಾರೆ. ಶೀಟ್ ಹೋಗಿದೆ ಅಂತ ಗೊತ್ತಾಗುವುದೇ ಆಗ. ಹಾಗಾಗಿ ಒಂದು ವರ್ಷಕ್ಕಿಂತ ಸ್ವಲ್ಪ ಜಾಸ್ತಿ, 400 ದಿನ ಇಡಿ ಅನ್ನುತ್ತೇನೆ. ಶೀಟ್‌ಗಳು ಎಷ್ಟು ಜಾಗ ತಿಂದಾವು? ಫೋಟೋ-ವಿಡಿಯೋಗೆ ಬೇಕಾದರೆ ಬೇರೆ ಮಿತಿ ಹಾಕಿ, ಶಟಿಲ್‌ನ ಡಿಸ್ಕ್ ಯೂಸೇಜ್ ನೋಡಿಕೊಂಡು ಜಾಗ ಕಡಿಮೆಯಾದಾಗ ಹಳೆಯ ವಿಡಿಯೋ ಮೊದಲು ಹೋಗಲಿ.

ಹೋಂಸ್ಟೇಗೆ ಬರೆಯುತ್ತಿದ್ದರೆ ಮಾತು ಬೇರೆ. ಅತಿಥಿಗಳ ಆಧಾರ್, ಪಾಸ್‌ಪೋರ್ಟ್ ಫೋಟೋಗಳು ಅನ್‌ಡೂ ಬುಟ್ಟಿಯಲ್ಲಿ ವರ್ಷಗಟ್ಟಲೆ ಕೂರಬಾರದು. ಇಟ್ಟುಕೊಳ್ಳಬೇಕಾದ ಅವಧಿ ಮುಗಿದಮೇಲೆ ಆ ಫೋಲ್ಡರ್‌ನಿಂದ ಅಳಿಸಿದ್ದು ಬುಟ್ಟಿ ಮುಟ್ಟದೆ ನೇರವಾಗಿ ಹೋಗಲಿ, ಮತ್ತು ಬಟನ್ ಮೇಲೆ 'ವಾಪಸ್ ಬರುವುದಿಲ್ಲ' ಅಂತ ಬರೆದಿರಲಿ. ಗೂಗಲ್ ಡ್ರೈವ್ ಥರದ ಸಿಂಕ್ ಇದ್ದರೆ ಬುಟ್ಟಿ ಫೋಲ್ಡರನ್ನು ಅದರಿಂದ ಹೊರಗಿಡಿ.

ಹಂತ 8: ಕೊಡುವ ಮೊದಲು ಕೆಡಿಸಿ ನೋಡಿ

ಟೆಂಪ್‌ಫೈಲ್ ಮಾಡ್ಯೂಲ್‌ನಿಂದ ತಾತ್ಕಾಲಿಕ ಫೋಲ್ಡರ್ ಮಾಡಿಕೊಂಡು ಅದರೊಳಗೇ ಎಲ್ಲ ಪರೀಕ್ಷೆ ನಡೆಸಿ. ಒಂದೇ ಹೆಸರಿನ ಫೈಲನ್ನು ಎರಡು ಸಲ ಅಳಿಸಿ ಎರಡನ್ನೂ ವಾಪಸ್ ತನ್ನಿ. 85 ಸಂಕೇತದ ಕನ್ನಡ ಹೆಸರು ಕೊಡಿ. 'ಕೊಡಗು' ಎರಡೂ ರೂಪದಲ್ಲಿ ಬರೆದು ಹುಡುಕಿ. ಫೋಲ್ಡರ್‌ನ ಒಳಗಿನದ್ದು ಅಳಿಸಿ, ಫೋಲ್ಡರ್ ಅಳಿಸಿ, ಎರಡು ಸಲ ಅನ್‌ಡೂ ಒತ್ತಿ.

ಕರೆಂಟ್ ಹೋದದ್ದನ್ನು ನಟಿಸಲು ಓಎಸ್‌ನ ಅಂಡರ್‌ಸ್ಕೋರ್-ಎಕ್ಸಿಟ್ ಇದೆ. ಅದು ಪ್ರೋಗ್ರಾಮನ್ನು ಯಾವ ಸ್ವಚ್ಛತೆಗೂ ಅವಕಾಶ ಕೊಡದೆ ಅಲ್ಲೇ ಕೊಲ್ಲುತ್ತದೆ. ಹಂತ 5ರ ಪ್ರತಿ ಎರಡು ಸಾಲಿನ ನಡುವೆ ಅದನ್ನು ಇಟ್ಟು ಓಡಿಸಿ, ಮತ್ತೆ ಶುರು ಮಾಡಿ, ಫೈಲ್ ಎಲ್ಲಿದೆ ಅಂತ ಪುಸ್ತಕ ಸರಿಯಾಗಿ ಹೇಳುತ್ತದಾ ನೋಡಿ. ಇದರಿಂದ ಡಿಸ್ಕ್‌ನ ಕ್ಯಾಶ್ (ಡಿಸ್ಕ್‌ಗೆ ಇಳಿಯುವ ಮೊದಲು ಮಾಹಿತಿ ತಾತ್ಕಾಲಿಕವಾಗಿ ನಿಲ್ಲುವ ಜಾಗ) ಪರೀಕ್ಷೆಯಾಗುವುದಿಲ್ಲ. ಅದಕ್ಕೆ ಒಂದು ಹಳೆಯ ಡೆಸ್ಕ್‌ಟಾಪ್ ಸಿಕ್ಕಿದರೆ, ಸಾವಿರ ಖೋಟಾ ಫೈಲ್ ಅಳಿಸಲು ಬಿಟ್ಟು ನಡುವೆ ಪ್ಲಗ್ ಕೀಳಿ. ತೋಟದ ಕಂಪ್ಯೂಟರಿನಲ್ಲಿ ಈ ಆಟ ಬೇಡ. ಮತ್ತೆ ಆನ್ ಮಾಡಿದಾಗ ಸಾವಿರಕ್ಕೆ ಸಾವಿರ ಸಾಲಿಗೂ ಲೆಕ್ಕ ಸಿಕ್ಕಿದರೆ ರೈಟರ್ ಕೈಗೆ ಬಟನ್ ಕೊಡಬಹುದು.